ಆಪತ್ಕಾಲದ ಎಚ್ಚರಿಕೆಗಳು: ಕಾಗಿಣಾ ತೀರದಿಂದ ಒಂದು ಅವಲೋಕನ

ಮಾನವನು ಸಮಾಜ ಕಟ್ಟಿಕೊಂಡು ನೆಲೆ ನಿಂತಂದಿನಿಂದ ಆಪತ್ತುಗಳು ಅವನನ್ನು ನೆರಳಿನಂತೆ ಹಿಂಬಾಲಿಸಿವೆ. ಮಳೆ, ಹೊಳೆ, ಸಿಡಿಲು, ಬೆಂಕಿ, ಭೂಕಂಪ, ಪರಚಕ್ರ ಇವು ಯಾವ ನಾಡನ್ನೂ ಬಿಟ್ಟವಲ್ಲ. ಇವುಗಳನ್ನು ತಡೆಯುವ ಶಕ್ತಿ ನಮಗೆ ಅಲ್ಪ. ಆದರೆ ಬರುತ್ತಿರುವ ಆಪತ್ತನ್ನು ಒಬ್ಬನು ಮೊದಲು ಕಂಡು ಹತ್ತು ಜನಕ್ಕೆ ಸಾರಿ ಹೇಳುವ ಶಕ್ತಿಯು ಎಲ್ಲ ಕಾಲದಲ್ಲಿಯೂ ಇದ್ದಿತು. ಆ ಸಾರುವಿಕೆಯ ಇತಿಹಾಸವನ್ನು ನಮ್ಮ ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯನ್ನು ಮುಂದಿಟ್ಟುಕೊಂಡು ಅವಲೋಕಿಸುವುದು ಈ ಲೇಖನದ ಉದ್ದೇಶವಾಗಿದೆ.

ವಾಚಕರು ಮೊದಲಿಗೆ ಒಂದು ಮಾತನ್ನು ಗಮನಿಸಬೇಕು. ಎಚ್ಚರಿಕೆಯೆಂಬುದು ಕೇವಲ ಸದ್ದಲ್ಲ. ಅದಕ್ಕೆ ಮೂರು ಅಂಗಗಳುಂಟು: ಹೇಳುವವನು ಯಾರು ಎಂಬ ಪ್ರಮಾಣ, ಹೇಳಿದುದರ ಅರ್ಥ, ಕೇಳಿದವನು ಮಾಡತಕ್ಕ ಕ್ರಿಯೆ. ಈ ಮೂರರಲ್ಲಿ ಒಂದು ಲೋಪವಾದರೂ ಉಳಿದೆರಡು ವ್ಯರ್ಥವಾಗುವವು. ಪ್ರಮಾಣವಿಲ್ಲದುದು ಗಾಳಿಸುದ್ದಿ, ಅರ್ಥ ತಿಳಿಯದುದು ಬರಿಯ ಗದ್ದಲ, ಕ್ರಿಯೆಯಿಲ್ಲದುದು ಬರಿಯ ಭಯ. ಅರಿವು ಆಚಾರವಾಗದಿದ್ದರೆ ಫಲವಿಲ್ಲವೆಂದು ನಂಬಿದ ಶರಣರ ಪರಂಪರೆಯವರಾದ ನಮಗೆ ಈ ಮಾತು ಹೊಸದೇನೂ ಅಲ್ಲ.

ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಿದರೆ ನಮ್ಮ ಪೂರ್ವಿಕರು ಆಪತ್ತಿನ ಬಗೆಗಳನ್ನು ಎಷ್ಟು ಸ್ಪಷ್ಟವಾಗಿ ವಿಂಗಡಿಸಿದ್ದರೆಂಬುದು ತಿಳಿಯುತ್ತದೆ. ಶತ್ರುಗಳು ದನಕರುಗಳನ್ನು ಹೊಡೆದುಕೊಂಡು ಹೋಗುವುದು ತುರುಗೋಳು. ಊರನ್ನೇ ಹಾಳುಗೆಡಹುವುದು ಊರಳಿವು. ಹೆಂಗಸರ ಮೇಲೆ ಕೈಮಾಡಿದಾಗ ಏಳುವ ಮೊರೆ ಪೆಣ್ಬುಯ್ಯಲು. ಈ ಕೊನೆಯ ಶಬ್ದದಲ್ಲಿರುವ ಪುಯ್ಯಲು ಎಂದರೆ ಆಪತ್ತಿನಲ್ಲಿ ಎತ್ತಿದ ಕೂಗು. ಇಂದಿನ ನಮ್ಮ ಹುಯಿಲು ಎಂಬ ಮಾತಿಗೆ ಇದೇ ಮೂಲ. ಆ ಕೂಗನ್ನು ಕೇಳಿ ಓಡಿ ಬಂದು ಹೋರಾಡಿ ಮಡಿದವನಿಗೆ ಊರು ಕಲ್ಲು ನಿಲ್ಲಿಸಿತು. ಅಂದರೆ, ಕೂಗು ಕೇಳಿದ ಮೇಲೆ ಏನು ಮಾಡಬೇಕೆಂಬುದು ಆ ಸಮಾಜದಲ್ಲಿ ಮೊದಲೇ ನಿಶ್ಚಿತವಾಗಿತ್ತು. ಕೂಗು ಮತ್ತು ಕ್ರಿಯೆ ಒಂದಕ್ಕೊಂದು ಹೊಂದಿಕೊಂಡಿದ್ದವು.

ಅನಂತರದ ಕಾಲದಲ್ಲಿ ಈ ಕಾರ್ಯವನ್ನು ನಿರ್ವಹಿಸಿದುದು ಡಂಗುರ. ನಮ್ಮ ಸೀಮೆಯು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಮಾಲಿಪಟೇಲ, ಪೊಲೀಸ್‌ಪಟೇಲ, ಪಟವಾರಿಗಳ ಆ ವ್ಯವಸ್ಥೆಯಲ್ಲಿ ಸರಕಾರದ ಅಪ್ಪಣೆಯಾಗಲಿ, ಹೊಳೆ ಬರುವ ಸುದ್ದಿಯಾಗಲಿ, ಬೇನೆ ಹಬ್ಬಿದ ವಾರ್ತೆಯಾಗಲಿ ಹಲಗೆಯ ದನಿಯಿಂದಲೇ ಊರಿಗೆ ತಲುಪುತ್ತಿತ್ತು. ಡಂಗುರದ ಗುಣವೇನೆಂದರೆ, ಸಾರುವವನನ್ನು ಊರೆಲ್ಲ ಬಲ್ಲದು, ಅವನು ಸಾರುವ ಭಾಷೆಯನ್ನೂ ಊರೆಲ್ಲ ಬಲ್ಲದು. ಆದರೆ ಅದರ ಹಿಂದಿನ ಅನ್ಯಾಯವನ್ನು ಮರೆಮಾಚಲಾಗದು. ಹಲಗೆ ಬಾರಿಸುವ ಕೆಲಸವನ್ನು ಅಸ್ಪೃಶ್ಯರೆಂದು ದೂರವಿರಿಸಿದ ಬಂಧುಗಳ ಮೇಲೆ ಬಿಟ್ಟಿ ಚಾಕರಿಯಾಗಿ ಹೇರಲಾಗಿತ್ತು. ಊರಿಗೆಲ್ಲ ಎಚ್ಚರ ಹೇಳಿದವನ ಮನೆ ಮಾತ್ರ ಊರ ಹೊರಗೆ, ಬಹಳ ಕಡೆ ಹಳ್ಳದ ದಂಡೆಯ ತಗ್ಗಿನಲ್ಲಿ ಇದ್ದಿತು. ನೀರು ಮೊದಲು ನುಗ್ಗುವುದು ಅಲ್ಲಿಗೇ. ಕಲ್ಯಾಣದಲ್ಲಿ ಕುಲಭೇದವನ್ನು ಅಲ್ಲಗಳೆದ ಬಸವಾದಿ ಶರಣರ ಹೆಸರನ್ನು ಹೇಳುವ ನಾವು ಈ ಸಂಗತಿಯನ್ನು ನೆನೆದು ನಾಚಿಕೊಳ್ಳಬೇಕು. ಈ ಲೇಖನದ ಕೊನೆಗೆ ಇದೇ ವಿಷಯಕ್ಕೆ ಮರಳಿ ಬರುವೆವು.

ಈಗ ಹೊಳೆಯ ಮಾತಿಗೆ ಬರೋಣ. ವಿಕಾರಾಬಾದಿನ ಹತ್ತಿರದ ಅನಂತಗಿರಿ ಬೆಟ್ಟಗಳಿಂದ ಎರಡು ಹೊಳೆಗಳು ಹುಟ್ಟುತ್ತವೆ. ಪೂರ್ವಕ್ಕೆ ಹರಿಯುವುದು ಮೂಸಿ. ಅದು ಹೈದರಾಬಾದ್ ನಗರವನ್ನು ಸೀಳಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ಹರಿಯುವುದು ನಮ್ಮ ಕಾಗಿಣಾ. ಅದು ತಾಂಡೂರನ್ನು ದಾಟಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ತೊಳೆದು, ಶಹಾಬಾದಿನ ಸಮೀಪ ಹೊನಗುಂಟದಲ್ಲಿ ಭೀಮೆಯನ್ನು ಕೂಡುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿಯು ಉಕ್ಕಿ ಹೈದರಾಬಾದ್ ನಗರದಲ್ಲಿ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಅಫ್ಜಲ್‌ಗಂಜ್ ಭಾಗದ ಒಂದು ಹುಣಸೆಮರವನ್ನು ಏರಿ ನೂರೈವತ್ತರಷ್ಟು ಜನ ಬದುಕಿಕೊಂಡರೆಂದು ಇಂದಿಗೂ ಹೇಳುತ್ತಾರೆ. ಮೇಲಿನ ಸೀಮೆಯಲ್ಲಿ ಸುರಿದ ಮಳೆಯ ಪ್ರಮಾಣವನ್ನು ಕೆಳಗಿನ ನಗರಕ್ಕೆ ಕಾಲದಲ್ಲಿ ತಿಳಿಸಿ ಜನರನ್ನು ಎಬ್ಬಿಸುವ ಏರ್ಪಾಡು ಆಗ ಇರಲಿಲ್ಲ. ಮರುವರ್ಷ ನಿಜಾಮ ಸರಕಾರವು ಕನ್ನಡಿಗರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಅವರ ಸಲಹೆಯ ಫಲವಾಗಿಯೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣಗೊಂಡವು.

ಆದರೆ ಜಲಾಶಯವು ಒಂದು ಭಯವನ್ನು ಕಳೆದು ಇನ್ನೊಂದು ಬಗೆಯ ಎಚ್ಚರಿಕೆಯನ್ನು ಅವಶ್ಯಕವಾಗಿಸುತ್ತದೆ. ಕಟ್ಟೆಯ ಕೆಳಗಿನ ಊರಿನಲ್ಲಿ ಒಂದು ಹನಿಯೂ ಬೀಳದಿರುವಾಗ, ಬಾಗಿಲು ತೆರೆದ ಮಾತ್ರಕ್ಕೆ ಹೊಳೆ ತುಂಬಿ ಬರಬಹುದು. ಬೀದರ ಜಿಲ್ಲೆಯಲ್ಲಿ ಹುಟ್ಟಿ ಬರುವ ಮುಲ್ಲಾಮಾರಿಗೆ ನಾಗರಾಳದಲ್ಲಿ ಕಟ್ಟಿರುವ ಜಲಾಶಯದ ಕೆಳಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಕ್ಯೂಸೆಕ್ ನೀರು ಬಿಡಲಾಗುವುದು ಎಂಬ ಪ್ರಕಟಣೆ ಹೊರಡುತ್ತದೆ. ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಆದರೆ ಹೊಳೆಯ ಆಚೆ ಹೊಲವಿರುವ ರೈತನಿಗೆ ಬೇಕಾದುದು ಈ ಲೆಕ್ಕವಲ್ಲ; ಸಾಯಂಕಾಲ ಎತ್ತುಗಳೊಡನೆ ಸೇತುವೆ ದಾಟಬಹುದೋ ಇಲ್ಲವೋ ಎಂಬ ಒಂದೇ ಮಾತು. ಅಂಕಿಯನ್ನು ಕ್ರಿಯೆಯಾಗಿ ಭಾಷಾಂತರಿಸದ ಎಚ್ಚರಿಕೆಯು ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ. ಇನ್ನೊಂದು ತೊಡಕೂ ಉಂಟು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಗಿಣೆಯ ತಲೆಯು ಒಂದು ರಾಜ್ಯದಲ್ಲಿಯೂ ಒಡಲು ಇನ್ನೊಂದು ರಾಜ್ಯದಲ್ಲಿಯೂ ಉಳಿದವು. ಇಂದು ತೆಲಂಗಾಣದಲ್ಲಿ ಸುರಿದ ಮಳೆಯ ಸುದ್ದಿಯು ಸೇಡಮ್ಮಿಗೆ ಬರಬೇಕಾದರೆ ಗಡಿಯನ್ನೂ ಭಾಷೆಯನ್ನೂ ದಾಟಿ ಬರಬೇಕು. ನೀರಿಗಾದರೋ ಗಡಿಯ ಗೊಡವೆಯಿಲ್ಲ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತವು ಹೈದರಾಬಾದನ್ನು ಮುಳುಗಿಸಿ ನಮ್ಮ ಜಿಲ್ಲೆಯ ಮೇಲೆಯೂ ಹಾಯ್ದುಹೋದಾಗ ಇದು ಎಲ್ಲರ ಅನುಭವಕ್ಕೆ ಬಂದಿತು.

ಆಕಾಶವನ್ನು ನೋಡಿ ಮುಂದಾಗಿ ಹೇಳುವ ವ್ಯವಸ್ಥೆಯು ನಮ್ಮ ದೇಶದಲ್ಲಿ ಆರಂಭವಾದುದೂ ದುರಂತದ ಬೆನ್ನಲ್ಲಿಯೇ. 1864ರಲ್ಲಿ ಕಲಕತ್ತೆಗೆ ಭೀಕರ ಚಂಡಮಾರುತ ಬಡಿಯಿತು. ಮರುವರ್ಷವೇ ಆ ಬಂದರಿನಲ್ಲಿ ಬಿರುಗಾಳಿಯ ಸೂಚನೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಗೊಂಡಿತು. ಇಂದು ಆ ಇಲಾಖೆಯು ನಾಲ್ಕು ಬಣ್ಣಗಳಲ್ಲಿ ಮಾತನಾಡುತ್ತದೆ. ಹಸಿರು ಎಂದರೆ ಎಚ್ಚರಿಕೆಯಿಲ್ಲ. ಹಳದಿ ಎಂದರೆ ಗಮನವಿಡಿ, ಸುದ್ದಿ ಕೇಳುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಈಗಲೇ ಕಾರ್ಯಪ್ರವೃತ್ತರಾಗಿರಿ. ಒಂದು ದಿನದಲ್ಲಿ 64.5 ಮಿಲಿಮೀಟರಿನಿಂದ 115.5ರ ವರೆಗೆ ಬಿದ್ದರೆ ಭಾರಿ ಮಳೆ, 204.4ರ ವರೆಗೆ ಅತಿ ಭಾರಿ, ಅದಕ್ಕೂ ಮೀರಿದರೆ ಅತ್ಯಂತ ಭಾರಿ ಮಳೆಯೆಂದು ಲೆಕ್ಕ. ಆದರೆ ಬಣ್ಣವು ಕೇವಲ ಮಳೆಯ ಅಳತೆಯಲ್ಲ. ಆಗಬಹುದಾದ ಹಾನಿಯೆಷ್ಟು, ಆಗುವ ಸಂಭವವೆಷ್ಟು ಎಂಬ ಎರಡನ್ನೂ ತೂಗಿ ಅದನ್ನು ನಿರ್ಣಯಿಸುತ್ತಾರೆ. ಹಳದಿ ಬಂದು ಮಳೆ ಬಾರದಿದ್ದರೆ ಇಲಾಖೆ ಸುಳ್ಳು ಹೇಳಿತೆಂದು ನಗುವವರುಂಟು. ಹಳದಿಯು ಮಳೆ ಬಂದೇ ಬರುವುದೆಂಬ ವಾಗ್ದಾನವಲ್ಲ, ಕಣ್ಣು ತೆರೆದಿರಿ ಎಂಬ ಬಿನ್ನಹ. ಮುನ್ಸೂಚನೆ ಬೇರೆ, ಎಚ್ಚರಿಕೆ ಬೇರೆ, ಸ್ಥಳ ಬಿಟ್ಟು ಹೊರಡಿ ಎಂಬ ಆಜ್ಞೆ ಬೇರೆ. ಮೂರನ್ನೂ ಒಂದೆಂದು ಬಗೆದವನು ಮೊದಲನೆಯದಕ್ಕೆ ಹೆದರುತ್ತಾನೆ, ಕೊನೆಯದನ್ನು ಅಲಕ್ಷಿಸುತ್ತಾನೆ.

ಎಚ್ಚರಿಕೆಯಿಂದ ಜೀವ ಉಳಿಯುವುದೇ ಎಂದು ಸಂಶಯಪಡುವವರು ಒಡಿಶಾದ ಕಡೆ ನೋಡಬೇಕು. ಅಲ್ಲಿ 1999ರ ಚಂಡಮಾರುತದಲ್ಲಿ ಸುಮಾರು 10,000 ಜನ ಮಡಿದರು. 2013ರಲ್ಲಿ ಫೈಲಿನ್ ಎಂಬ ಪ್ರಬಲ ಚಂಡಮಾರುತ ಅದೇ ಕರಾವಳಿಗೆ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಆಶ್ರಯಧಾಮಗಳಿಗೆ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಸಮುದ್ರವೂ ಗಾಳಿಯೂ ಅವೇ. ಬದಲಾದುದು ಜನರನ್ನು ಎಚ್ಚರಿಸಿ ಸಾಗಿಸುವ ಸಿದ್ಧತೆ.

ಯುದ್ಧಕಾಲದ ಎಚ್ಚರಿಕೆಯು ಇನ್ನೊಂದು ಜಾತಿಯದು. ಏರುತ್ತ ಇಳಿಯುತ್ತ ಕೂಗುವ ಸೈರನ್ ವಿಮಾನದಾಳಿಯ ಸೂಚನೆ. ಏಕಸ್ವರದಲ್ಲಿ ನಿಂತು ಕೂಗಿದರೆ ಅಪಾಯ ಕಳೆಯಿತೆಂದು ಅರ್ಥ. 2025ರ ಮೇ 7ರಂದು ದೇಶದಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದಾಗ, ಈ ಎರಡು ಕೂಗುಗಳ ಭೇದವನ್ನು ಹೊಸ ಪೀಳಿಗೆಯವರಿಗೆ ಮೊದಲಿನಿಂದ ಹೇಳಿಕೊಡಬೇಕಾಯಿತು. ನಮ್ಮ ವಾಡಿ, ಶಹಾಬಾದ್ ಕಡೆಯ ಕಾರ್ಮಿಕರಿಗೆ ಸೈರನ್ ಎಂದರೆ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು. ಅದೇ ಸದ್ದು ಒಬ್ಬನಿಗೆ ಬುತ್ತಿ ಕಟ್ಟಿಕೊಂಡು ಹೊರಡುವ ಕರೆ, ಇನ್ನೊಬ್ಬನಿಗೆ ಅಡಗಿಕೊಳ್ಳುವ ಕರೆ. ಅರ್ಥವು ಸದ್ದಿನಲ್ಲಿಲ್ಲ, ಕಲಿಕೆಯಲ್ಲಿದೆ.

ಇನ್ನು ಯಾವ ಎಚ್ಚರಿಕೆಗೂ ಸಿಲುಕದ ಆಪತ್ತಿನ ವಿಷಯ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣೇಶನನ್ನು ಬೀಳ್ಕೊಟ್ಟು ಮಲಗಿದ್ದ ಜನರಲ್ಲಿ ಹತ್ತಿರಹತ್ತಿರ 10,000 ಮಂದಿ ಮಣ್ಣುಗೂಡಿದರು. ಕೊಂದುದು ಭೂಕಂಪಕ್ಕಿಂತಲೂ ಹೆಚ್ಚಾಗಿ, ಮಣ್ಣಿನ ಗಾರೆಯಲ್ಲಿ ಕಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆಗಳು. ಹಿಂದಿನ ವರ್ಷವೇ ಅಲ್ಲಿ ಸಣ್ಣ ನಡುಕಗಳು ಪದೇಪದೇ ಆಗಿದ್ದವು. ಆದರೆ ಅವು ದೊಡ್ಡದರ ಮುನ್ಸೂಚನೆಯೆಂದು ಹೇಳಬಲ್ಲ ಶಾಸ್ತ್ರವು ಅಂದು ಇರಲಿಲ್ಲ, ಇಂದಿಗೂ ಇಲ್ಲ. ಈ ಸ್ಮರಣೆಯಿದ್ದ ನಮ್ಮ ತಾಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿಯೊಳಗಿಂದ ಸದ್ದು ಕೇಳತೊಡಗಿ, 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ನಡುಕಗಳಾದಾಗ ಜನರ ಎದೆಯೊಡೆದುದು ಸಹಜವೇ. ಅಕ್ಟೋಬರ್ 11ರ ರಾತ್ರಿಯ ಕಂಪನವು 4.1ರಷ್ಟು ಪ್ರಮಾಣದ್ದಾಗಿತ್ತು. ಜನರು ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಅನೇಕರು ಮಕ್ಕಳನ್ನು ಕರೆದುಕೊಂಡು ನೆಂಟರ ಊರಿಗೆ ಹೋದರು. ತಜ್ಞರು ಬಂದು ಕಂಪನಮಾಪಕಗಳನ್ನು ಇರಿಸಿದರು. ಮಳೆಗಾಲದ ನೀರು ಸುಣ್ಣಕಲ್ಲಿನ ಪದರಗಳಲ್ಲಿ ಇಳಿದು ಇಂಥ ಸಣ್ಣ ನಡುಕಗಳನ್ನು ಉಂಟುಮಾಡಬಹುದೆಂದು ವಿವರಿಸಿದರು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ತಿಳಿಯಬೇಕು. ಜಪಾನಿನಲ್ಲಿ 2007ರಿಂದ ಸಾರ್ವಜನಿಕರಿಗೆ ಕೊಡುತ್ತಿರುವ ಭೂಕಂಪದ ಎಚ್ಚರಿಕೆಯು ಭವಿಷ್ಯವಾಣಿಯಲ್ಲ; ಕಂಪನ ಆರಂಭವಾದ ಮೇಲೆ, ವೇಗದ ಅಲೆಯನ್ನು ಯಂತ್ರ ಗುರುತಿಸಿ, ಹಾನಿಮಾಡುವ ನಿಧಾನದ ಅಲೆ ತಲುಪುವುದಕ್ಕೆ ಕೆಲವೇ ಸೆಕೆಂಡು ಮುಂಚೆ ಹೇಳುವ ಮಾತು. ಆದುದರಿಂದ, ಇಂಥ ದಿನ ಇಂಥ ಹೊತ್ತಿಗೆ ಭೂಕಂಪವಾಗುವುದೆಂದು ಯಾರು ಹೇಳಿದರೂ, ಜ್ಯೋತಿಷಿಯಾಗಲಿ, ಫೋನಿನಲ್ಲಿ ಬಂದ ಹೆಸರಿಲ್ಲದ ಸಂದೇಶವಾಗಲಿ, ಕಾವಿ ತೊಟ್ಟವರೇ ಆಗಲಿ, ನಂಬಬಾರದು. ಭೂಕಂಪಕ್ಕೆ ನಿಜವಾದ ಮುನ್ನೆಚ್ಚರಿಕೆಯೆಂದರೆ ಗಟ್ಟಿಯಾದ ಗೋಡೆ, ಹಗುರವಾದ ಮಾಳಿಗೆ.

ಸಿಡಿಲಿನ ಮಾತು ಹಾಗಲ್ಲ. ಅದಕ್ಕೆ ಅಲ್ಪಾವಧಿಯ ಎಚ್ಚರಿಕೆ ಸಾಧ್ಯ. ನಮ್ಮ ರಾಜ್ಯವು 1988ರಲ್ಲಿ ಬರದ ಮೇಲೆ ಕಣ್ಣಿಡಲು ಸ್ಥಾಪಿಸಿದ ಘಟಕವೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದು ಫೋನಿನಲ್ಲಿ ಸಿಡಿಲಿನ ಸೂಚನೆ ಕೊಡುವ ಏರ್ಪಾಡನ್ನೂ ಮಾಡಿದೆ. ಗುಡುಗು ಕೇಳಿಸಿದರೆ ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಸೇರುವುದು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಬಾರದಿರುವುದು, ಇಷ್ಟನ್ನು ಪಾಲಿಸಿದರೆ ಬೇಸಗೆಯ ಅಡ್ಡಮಳೆಯಲ್ಲಿ ಕುರಿಗಾಹಿಗಳೂ ಕೂಲಿಕಾರರೂ ಸಾಯುವುದು ಬಹಳ ಮಟ್ಟಿಗೆ ತಪ್ಪುವುದು.

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನುಗಳು ಒಮ್ಮೆಲೇ ವಿಚಿತ್ರವಾಗಿ ಕೂಗಿಕೊಂಡುದು ಅನೇಕರಿಗೆ ನೆನಪಿರಬಹುದು. ಅದು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷಾ ಸಂದೇಶ. ಒಂದು ಪ್ರದೇಶದ ಗೋಪುರಗಳಿಂದ ಅಲ್ಲಿರುವ ಫೋನುಗಳಿಗೆಲ್ಲ ಏಕಕಾಲದಲ್ಲಿ, ಯಾರ ಸಂಖ್ಯೆಯನ್ನೂ ಕೇಳದೆ, ಎಚ್ಚರಿಕೆ ಬಿತ್ತರಿಸುವ ವಿಧಾನವದು. ಹೊಸ ಕಾಲದ ಡಂಗುರವೆಂದರೆ ಸಲ್ಲುತ್ತದೆ. ಆದರೆ ಹಳೆಯ ಫೋನುಗಳೆಲ್ಲ ಅದನ್ನು ಹಿಡಿಯಲಾರವು. ಓದಲಾರದ ಮುದುಕಿಗೆ ಅದು ಕೇವಲ ಸದ್ದು. ಫೋನೇ ಇಲ್ಲದವನಿಗೆ ಸದ್ದೂ ಇಲ್ಲ.

ಮಠಗಳ ಹೊಣೆ ಇರುವುದು ಇಲ್ಲಿಯೇ. ಪ್ರತಿ ಊರಿನ ಗುಡಿ, ಮಠ, ಮಸೀದಿಗಳಲ್ಲಿ ಧ್ವನಿವರ್ಧಕಗಳಿವೆ. ತಹಸೀಲ್ದಾರರಿಂದ ಅಥವಾ ಪಂಚಾಯತಿಯಿಂದ ಖಚಿತ ಸುದ್ದಿ ಬಂದಾಗ ಅವು ಪ್ರವಚನವನ್ನು ನಿಲ್ಲಿಸಿ, ಊರಿನ ಮಾತಿನಲ್ಲಿ ಮೂರು ಸಂಗತಿಗಳನ್ನು ಹೇಳಲಿ: ಯಾರು ತಿಳಿಸಿದರು, ಏನು ಬರಲಿದೆ, ನೀವು ಏನು ಮಾಡಬೇಕು. ಖಚಿತವಾಗದುದನ್ನು ಹೇಳದಿರಲಿ, ಅಪಾಯ ಕಳೆದ ಮೇಲೆ ಕಳೆಯಿತೆಂದೂ ಹೇಳಲಿ. ಎಲ್ಲಕ್ಕಿಂತ ಮೊದಲು, ಧ್ವನಿ ಮುಟ್ಟದ ಹಳ್ಳದ ದಂಡೆಯ ಕೇರಿಗೆ ಇಬ್ಬರು ತರುಣರು ಓಡಿ ಹೋಗಲಿ. ಒಂದು ಕಾಲದಲ್ಲಿ ಊರಿಗೆಲ್ಲ ಎಚ್ಚರ ಹೇಳಿದವರ ಮನೆಗಳು ಅಲ್ಲಿವೆ. ಆ ಋಣವನ್ನು ತೀರಿಸಲು ಮಠದ ಬಾಗಿಲು ಆ ರಾತ್ರಿ ಮೊದಲು ಅವರಿಗೆ ತೆರೆಯಲಿ. ಜಂಗಮ ಸೇವೆಯೆಂದರೆ ಇದೇ, ದಾಸೋಹವೆಂದರೂ ಇದೇ.