ಮದನ್ ಥಿಯೇಟರ್ಸ್: ಮೂಕಿ ಕಟ್ಟಿದ ಸಾಮ್ರಾಜ್ಯ, ಟಾಕಿ ಕೇಳಿದ ಲೆಕ್ಕ

ಸ್ಮರಣ ಸಂಚಿಕೆಗೆ ಲೇಖನ ಬರೆಯುವುದು ಸಾಮಾನ್ಯವಾಗಿ ಇನ್ನೂ ಬಾಗಿಲು ತೆರೆದಿರುವ ಸಂಸ್ಥೆಗಳ ಬಗ್ಗೆ. ಕಲ್ಕತ್ತೆಯ ಮದನ್ ಥಿಯೇಟರ್ಸ್ ಬಾಗಿಲು ಹಾಕಿ ತೊಂಬತ್ತು ವರ್ಷಗಳ ಹತ್ತಿರ ಬಂತು. ಆದರೂ ಚಿತ್ರಮಂದಿರಗಳ ನೆನಪಿಗೆಂದು ಹೊರಡುವ ಯಾವ ಸಂಚಿಕೆಯೂ ಈ ಕಂಪನಿಯನ್ನು ಬಿಟ್ಟು ಪೂರ್ಣವಾಗದು. ಸಿನಿಮಾ ತೋರಿಸುವುದನ್ನು ನಮ್ಮ ದೇಶದಲ್ಲಿ ಜಾತ್ರೆಯ ಮೋಜಿನಿಂದ ಮೇಲೆತ್ತಿ, ಲೆಕ್ಕಪುಸ್ತಕವಿಟ್ಟು ನಡೆಸುವ ವ್ಯಾಪಾರವಾಗಿ ಮಾಡಿದವರಲ್ಲಿ ಮೊದಲ ಸಾಲಿನವರು ಇವರು. ಮಾತಿನ ಚಿತ್ರ ಬಂದ ನಾಲ್ಕಾರು ವರ್ಷಗಳಲ್ಲಿ ಅದೇ ವ್ಯಾಪಾರ ಇವರ ಕೈ ಬಿಟ್ಟಿತು.

ಜಮ್ಶೆಟ್‌ಜಿ ಫ್ರಾಮ್‌ಜಿ ಮದನ್ ಮುಂಬಯಿಯ ಪಾರ್ಸಿ. 1850ರ ದಶಕದ ಕೊನೆಯ ಭಾಗದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಎಲ್ಫಿನ್‌ಸ್ಟನ್ ನಾಟಕ ಮಂಡಳಿ ಸೇರಿ ರಂಗದ ಹಿಂದುಮುಂದು ದುಡಿದರು. ಆಮೇಲೆ ವ್ಯಾಪಾರಕ್ಕಿಳಿದು ಕಲ್ಕತ್ತೆಗೆ ಹೋಗಿ ಮದ್ಯ, ದಿನಸಿ, ಸೇನೆಗೆ ಬೇಕಾದ ಸರಕು ಪೂರೈಸಿ ಹಣ ಮಾಡಿದರು. ಕೈಯಲ್ಲಿ ಹಣ ಸೇರಿದ ಮೇಲೆ ತಾವು ಹಿಂದೆ ದುಡಿದಿದ್ದ ಆ ಎಲ್ಫಿನ್‌ಸ್ಟನ್ ಕಂಪನಿಯನ್ನೇ ಕೊಂಡರು. ಖಟಾವ್ ಆಲ್ಫ್ರೆಡ್ ಕಂಪನಿಯನ್ನೂ ಕೊಂಡರು. ಪಾರ್ಸಿ ನಾಟಕ ಕಂಪನಿಯೊಂದನ್ನು ಕೊಳ್ಳುವುದೆಂದರೆ ಪರದೆ, ಪೋಷಾಕು, ಹಾರ್ಮೋನಿಯಂ ಮಾತ್ರ ಕೈಗೆ ಬರುವುದಲ್ಲ. ನಟರು, ಬರಹಗಾರರು, ನಾಟಕಗಳ ಹಕ್ಕು ಎಲ್ಲವೂ ಜೊತೆಗೆ ಬರುತ್ತಿದ್ದವು. ಆ ಹಕ್ಕುಗಳ ಬೆಲೆ ಮೂವತ್ತು ವರ್ಷಗಳ ನಂತರ ತಿಳಿಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದನ್ ಕಲ್ಕತ್ತೆಯ ಮೈದಾನದಲ್ಲಿ ಟೆಂಟ್ ಹಾಕಿ ಬಯೋಸ್ಕೋಪ್ ತೋರಿಸತೊಡಗಿದರು. ಯಂತ್ರ, ರೀಲು ಎರಡೂ ಫ್ರಾನ್ಸಿನ ಪಾಥೆ ಕಂಪನಿಯವು. 1907ರಲ್ಲಿ ಎಲ್ಫಿನ್‌ಸ್ಟನ್ ಪಿಕ್ಚರ್ ಪ್ಯಾಲೇಸ್ ಎಂಬ ಕಾಯಂ ಚಿತ್ರಮಂದಿರ ಎದ್ದಿತು. ಆಮೇಲೆ ಒಂದಾದ ಮೇಲೊಂದು. ಕೆಲವನ್ನು ಕಟ್ಟಿಸಿದರು, ಕೆಲವನ್ನು ಕೊಂಡರು, ಕೆಲವನ್ನು ಗುತ್ತಿಗೆ ಹಿಡಿದರು. 1919ರಲ್ಲಿ ಷೇರು ಬಂಡವಾಳದ ಮದನ್ ಥಿಯೇಟರ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಅದೇ ವರ್ಷ ಅವರ ‘ಬಿಲ್ವಮಂಗಲ್’ ತೆರೆಕಂಡಿತು. ಅದಕ್ಕೆ ಎರಡು ವರ್ಷ ಮೊದಲು, 1917ರಲ್ಲಿ, ‘ಸತ್ಯವಾದಿ ರಾಜಾ ಹರಿಶ್ಚಂದ್ರ’ ಬಂದಿತ್ತು. ಆದರೂ ಮದನ್ ಅವರನ್ನು ನಿರ್ಮಾಪಕರೆಂದು ಮೊದಲು ನೆನೆಯುವುದು ನನಗೆ ಸರಿ ಕಾಣದು. ತಮ್ಮ ಚಿತ್ರಮಂದಿರಗಳು ಖಾಲಿ ಬೀಳಬಾರದೆಂದು ಚಿತ್ರ ತೆಗೆದವರು ಅವರು. 1923ರಲ್ಲಿ ಜಮ್ಶೆಟ್‌ಜಿ ತೀರಿಕೊಂಡರು. ಆಡಳಿತ ಮಗ ಜೆ. ಜೆ. ಮದನ್ ಕೈಗೆ ಬಂತು.

ಮಗನ ಕಾಲಕ್ಕೆ ಈ ಜಾಲ ಎಷ್ಟು ಬೆಳೆದಿತ್ತೆಂದರೆ, ಇಪ್ಪತ್ತರ ದಶಕದ ಕೊನೆಗೆ ದೇಶದ ಕಾಯಂ ಚಿತ್ರಮಂದಿರಗಳಲ್ಲಿ ದೊಡ್ಡ ಪಾಲು ಸ್ವಂತವಾಗಿಯೋ ಕರಾರಿನ ಮೇಲೋ ಇವರ ಹಿಡಿತದಲ್ಲಿತ್ತು. ಉಚ್ಛ್ರಾಯದಲ್ಲಿ ಇವರ ಸಿನಿಮಾ ಮನೆಗಳ ಸಂಖ್ಯೆ 125ರ ಆಸುಪಾಸು. ಭಾರತವಷ್ಟೇ ಅಲ್ಲ, ಬರ್ಮಾ ಮತ್ತು ಸಿಂಹಳಕ್ಕೂ ಹಬ್ಬಿತ್ತು. 1927ರಲ್ಲಿ ಬ್ರಿಟಿಷ್ ಸರ್ಕಾರ ಮದರಾಸಿನ ವಕೀಲ ಟಿ. ರಂಗಾಚಾರಿಯರ್ ಅವರ ಅಧ್ಯಕ್ಷತೆಯಲ್ಲಿ ಸಿನಿಮಾ ವಿಚಾರಣಾ ಸಮಿತಿ ನೇಮಿಸಿದಾಗ, ಮದನ್ ಕಂಪನಿಯ ಏಕಸ್ವಾಮ್ಯದ ಬಗ್ಗೆ ದೂರು ಹೊತ್ತು ಬಂದವರಿದ್ದರು. ಪ್ರತಿಸ್ಪರ್ಧಿಗಳು ಹಾಗೆ ಕೂಗಾಡಬೇಕಾದರೆ ಒಳಗೆ ಏನೋ ಚೆನ್ನಾಗಿಯೇ ನಡೆಯುತ್ತಿದ್ದಿರಬೇಕು.

ಏನು ನಡೆಯುತ್ತಿತ್ತು? ಮೂಕಿಯ ಕಾಲದ ಪ್ರದರ್ಶನ ವ್ಯಾಪಾರದ ಗುಟ್ಟು ಪ್ರಿಂಟಿನ ಓಡಾಟದಲ್ಲಿತ್ತು. ವಿದೇಶದಿಂದ ತರಿಸಿದ ಚಿತ್ರ ಮೊದಲು ಕಲ್ಕತ್ತೆಯ ಯುರೋಪಿಯನ್ನರ ಬಡಾವಣೆಯಲ್ಲಿ ಓಡುತ್ತಿತ್ತು. ಅಲ್ಲಿ ದೊರೆಗಳೂ ಸಿರಿವಂತರೂ ನೋಡಿ ಮುಗಿಸಿದ ಮೇಲೆ ಅದೇ ರೀಲು ರೈಲು ಹತ್ತಿ ಸಣ್ಣ ಊರುಗಳಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಗೀರು ಬಿದ್ದು, ತುಂಡಾಗಿ, ಅಂಟಿಸಿ, ಅರ್ಧ ಸವೆದಿರುತ್ತಿತ್ತು. ನಾಲ್ಕಾಣೆ ಕೊಟ್ಟು ನೆಲದಲ್ಲಿ ಕೂತವನಿಗೆ ಅದು ಹೊಸ ಚಿತ್ರವೇ. ಭಾಷೆಯ ತೊಡಕು ದೊಡ್ಡದೇನಲ್ಲ. ದೇಶಿ ಚಿತ್ರಗಳಲ್ಲಿ ಬರಹದ ಫಲಕಗಳನ್ನು ಎರಡು ಮೂರು ಲಿಪಿಗಳಲ್ಲಿ ಹಾಕುತ್ತಿದ್ದರು. ಓದಲು ಬಾರದವರಿಗೆ ಪರದೆಯ ಪಕ್ಕ ನಿಂತು ಕಥೆ ಹೇಳುವವನೊಬ್ಬ ಇರುತ್ತಿದ್ದ. ಹಾರ್ಮೋನಿಯಂ, ತಬಲಾ ಆಯಾ ಊರಿನವೇ. ಹೀಗಾಗಿ ರಂಗೂನಿನಲ್ಲಿ ಓಡಿದ್ದು ಕೊಲಂಬೊದಲ್ಲೂ ಓಡುತ್ತಿತ್ತು. ಪ್ರಿಂಟು ಒಂದು, ಮನೆಗಳು ನೂರು. ಪ್ರತಿಯೊಂದು ಹೊಸ ಮನೆಯೂ ಹಳೆಯ ರೀಲಿನಿಂದ ಇನ್ನೊಂದಷ್ಟು ರೂಪಾಯಿ ಹಿಂಡಿ ಕೊಡುತ್ತಿತ್ತು.

ಹೊಸ ಕಾಲಕ್ಕೆ ಹೊಂದಿಕೊಳ್ಳಲಾಗದೆ ಈ ಕಂಪನಿ ಹಾಳಾಯಿತೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ದಾಖಲೆ ಬೇರೆಯೇ ಹೇಳುತ್ತದೆ. 1929ರ ಸುಮಾರಿಗೆ ಯೂನಿವರ್ಸಲ್ ಕಂಪನಿಯ ‘ಮೆಲೊಡಿ ಆಫ್ ಲವ್’ ತೋರಿಸಿ ಭಾರತದ ಪ್ರೇಕ್ಷಕರಿಗೆ ಟಾಕಿಯ ಪರಿಚಯ ಮಾಡಿಸಿದ್ದು ಮದನ್ ಅವರ ಎಲ್ಫಿನ್‌ಸ್ಟನ್ನೇ. ಕಾಯಂ ಧ್ವನಿಯಂತ್ರ ಅಳವಡಿಸಿಕೊಂಡ ದೇಶದ ಮೊದಲ ಚಿತ್ರಮಂದಿರವೆಂಬ ಹೆಸರೂ ಅದರದ್ದೇ. ಹಿಂದುಳಿದವರು ಇಂಥ ಕೆಲಸ ಮಾಡುವುದಿಲ್ಲ.

ಒಂದು ಮನೆಗೆ ಯಂತ್ರ ಹಾಕಿಸುವುದು ಬೇರೆ, ನೂರು ಮನೆಗೆ ಹಾಕಿಸುವುದು ಬೇರೆ. ಮೂಕಿಯ ಪ್ರೊಜೆಕ್ಟರನ್ನು ಆಪರೇಟರ್ ಕೈಯಿಂದ ತಿರುಗಿಸಬಹುದಿತ್ತು. ಗಡಿಬಿಡಿಯಿದ್ದರೆ ವೇಗವಾಗಿ ತಿರುಗಿಸಿ ಆಟವನ್ನು ಬೇಗ ಮುಗಿಸಿಬಿಡಬಹುದಿತ್ತು. ಟಾಕಿಯಲ್ಲಿ ಆ ಸಲಿಗೆ ಇಲ್ಲ. ಸೆಕೆಂಡಿಗೆ 24 ಚೌಕಟ್ಟು ಎಂದರೆ 24 ಚೌಕಟ್ಟೇ. ಸ್ವಲ್ಪ ತಪ್ಪಿದರೂ ನಾಯಕಿಯ ದನಿ ಗಂಡಸಿನದಾಗುತ್ತದೆ. ಅದಕ್ಕೆ ಮೋಟಾರು ಬೇಕು, ಏರುಪೇರಿಲ್ಲದ ವಿದ್ಯುತ್ತು ಬೇಕು, ಆಂಪ್ಲಿಫೈಯರ್ ಬೇಕು, ಪರದೆಯ ಹಿಂದೆ ಲೌಡ್‌ಸ್ಪೀಕರ್ ಬೇಕು, ಇವೆಲ್ಲ ಕೆಟ್ಟರೆ ನೋಡಲು ಪಳಗಿದ ಮನುಷ್ಯ ಬೇಕು. ಯಂತ್ರಗಳು ಆರ್‌ಸಿಎ, ವೆಸ್ಟರ್ನ್ ಎಲೆಕ್ಟ್ರಿಕ್‌ನಂಥ ಅಮೆರಿಕದ ಕಂಪನಿಗಳವು. ಬೆಲೆ ಅವರು ಹೇಳಿದ್ದೇ. ಮೂಕಿಗೆಂದು ಎದ್ದ ಕಟ್ಟಡಗಳಲ್ಲಿ ಪ್ರತಿಧ್ವನಿಯ ಚಿಂತೆಯನ್ನು ಯಾರೂ ಮಾಡಿರಲಿಲ್ಲ. ಇದೆಲ್ಲ ತಲೆಯ ಮೇಲೆ ಬಂದದ್ದು ಜಗತ್ತಿನ ವ್ಯಾಪಾರವೇ ಕುಸಿದಿದ್ದ, ಸಾಲ ಹುಟ್ಟದ ಕಾಲದಲ್ಲಿ. ಪರದೆಯ ಮುಂದೆ ಹಾರ್ಮೋನಿಯಂ ಹಿಡಿದು ಕೂತವರು, ಕಥೆ ಹೇಳುತ್ತಿದ್ದವರು ಏನಾದರೆಂದು ಯಾವ ಕಂಪನಿಯ ಲೆಕ್ಕದಲ್ಲೂ ಬರೆದಿಲ್ಲ.

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ಬಿಡುಗಡೆಯಾಯಿತು. ಜನ ಮುಗಿಬಿದ್ದು ಪೊಲೀಸರು ಬರಬೇಕಾಯಿತು. ನಾಲ್ಕಾಣೆಯ ಟಿಕೆಟ್ಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಹೋಯಿತಂತೆ. ಮದನ್ ಹಿಂದೆ ಬೀಳಲಿಲ್ಲ. ಏಪ್ರಿಲ್ 11ರಂದು ಕಲ್ಕತ್ತೆಯ ಕ್ರೌನ್ ಚಿತ್ರಮಂದಿರದಲ್ಲಿ ಬಂಗಾಳಿಯ ಮೊದಲ ಟಾಕಿ ‘ಜಮಾಯ್ ಷಷ್ಠಿ’ ತೋರಿಸಿದರು. ಅದೇ ವರ್ಷ ಮಾಸ್ಟರ್ ನಿಸಾರ್ ಮತ್ತು ಜಹಾನಾರಾ ಕಜ್ಜನ್ ಜೋಡಿಯ ‘ಶಿರೀನ್ ಫರ್ಹಾದ್’ ಬಂತು. 1932ರಲ್ಲಿ ‘ಇಂದ್ರಸಭಾ’, ಅದರಲ್ಲಿ ಎಪ್ಪತ್ತರ ಹತ್ತಿರ ಹಾಡುಗಳು. ಹಳೆಯ ನಾಟಕ ಕಂಪನಿಗಳ ಹಕ್ಕುಗಳು ಈಗ ಫಲ ಕೊಟ್ಟವು. ಮಾತು, ಹಾಡು, ಹಾಡಬಲ್ಲ ನಟರು ಮನೆಯಲ್ಲೇ ಇದ್ದರು. ಇಂದ್ರಸಭೆಯನ್ನು ಇಂದಿನವರು ನಗೆಚಾಟಿಕೆಗೆ ಬಳಸುವುದುಂಟು. ರಾತ್ರಿಯಿಡೀ ಕಂಪನಿ ನಾಟಕ ನೋಡಿ ಪಳಗಿದ ಪ್ರೇಕ್ಷಕನಿಗೆ ಎಪ್ಪತ್ತು ಹಾಡು ಅತಿಯೆನಿಸಿರಲಾರದು.

ಅಂದರೆ ಸೋತದ್ದು ಅವರ ಚಿತ್ರಗಳಲ್ಲ, ಅವರ ನಕ್ಷೆ. ‘ಜಮಾಯ್ ಷಷ್ಠಿ’ ಬಂಗಾಳದಾಚೆ ಯಾರಿಗೆ ಬೇಕು? ಉರ್ದುವಿನ ‘ಶಿರೀನ್ ಫರ್ಹಾದ್’ ದಕ್ಷಿಣದ ಸಣ್ಣ ಊರಿನಲ್ಲಿ ಎಷ್ಟು ದಿನ ಓಡೀತು? ಪರದೆ ಬಾಯಿ ಬಿಟ್ಟ ದಿನವೇ ರಂಗೂನಿನಿಂದ ಕೊಲಂಬೊವರೆಗಿನ ಒಂದೇ ಮಾರುಕಟ್ಟೆ ಹತ್ತು ಭಾಷೆಗಳ ತುಂಡುಗಳಾಯಿತು. ಒಂದು ಪ್ರಿಂಟಿಗೆ ನೂರು ಮನೆ ಎಂಬ ಲೆಕ್ಕ ಮುರಿಯಿತು. ಈಗ ಒಂದೊಂದು ಪ್ರದೇಶದ ಮನೆಗೂ ಬೇರೆ ಬೇರೆ ಚಿತ್ರ ಹುಡುಕಬೇಕು, ಎಲ್ಲ ಮನೆಗೂ ಯಂತ್ರ ಕೊಡಿಸಬೇಕು. ನೂರು ಮನೆಗಳಿದ್ದದ್ದು ನಿನ್ನೆಯವರೆಗೆ ಆಸ್ತಿ, ಇಂದಿನಿಂದ ಹೊರೆ. ಎರಡೋ ಮೂರೋ ಮನೆಯಿದ್ದ ಸಣ್ಣ ಒಡೆಯ ಸಾಲಸೋಲ ಮಾಡಿ ಯಂತ್ರ ಹಾಕಿಸಿಕೊಂಡು, ತನ್ನ ಊರಿನ ಭಾಷೆಯ ಚಿತ್ರ ತಂದು ಗಲ್ಲಾಪೆಟ್ಟಿಗೆ ತುಂಬಿಸಿಕೊಂಡ. ಕಲ್ಕತ್ತೆಯಲ್ಲೇ ಬಿ. ಎನ್. ಸರ್ಕಾರ್ ಮೊದಲು ‘ಚಿತ್ರಾ’ ಎಂಬ ಚಿತ್ರಮಂದಿರ ಕಟ್ಟಿ, 1931ರಲ್ಲಿ ನ್ಯೂ ಥಿಯೇಟರ್ಸ್ ಆರಂಭಿಸಿ ಬಂಗಾಳಿ ಪ್ರೇಕ್ಷಕರನ್ನು ಸೆಳೆದರು. 1935ರಲ್ಲಿ ಅಮೆರಿಕದ ಎಂಜಿಎಂ ಚೌರಂಗಿಯಲ್ಲಿ ತನ್ನದೇ ಮೆಟ್ರೊ ಕಟ್ಟಿತು. ವಿದೇಶಿ ಚಿತ್ರಕ್ಕೆ ಮಧ್ಯವರ್ತಿಯ ಅಗತ್ಯವೇ ಕಡಿಮೆಯಾಗುತ್ತ ಬಂತು.

ಮದನ್ ಕುಟುಂಬ ಚಿತ್ರಮಂದಿರಗಳನ್ನು ಒಂದೊಂದಾಗಿ ಮಾರಿತು. ಮೂವತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಜಾಲವೆನ್ನುವಂಥದ್ದು ಉಳಿದಿರಲಿಲ್ಲ. ಎಲ್ಫಿನ್‌ಸ್ಟನ್ ಮುಂದೆ ಮಿನರ್ವಾ ಆಯಿತು. ಆಮೇಲೆ ಕಲ್ಕತ್ತೆಯ ನಗರಪಾಲಿಕೆ ಅದಕ್ಕೆ ಚಾಪ್ಲಿನ್ ಎಂದು ಹೆಸರಿಟ್ಟಿತು. ಭಾರತಕ್ಕೆ ಟಾಕಿ ತಂದ ಮನೆಗೆ, 1931ರಲ್ಲೂ ‘ಸಿಟಿ ಲೈಟ್ಸ್’ ಚಿತ್ರವನ್ನು ಮಾತಿಲ್ಲದೆ ತೆಗೆದ ಹಟಮಾರಿಯ ಹೆಸರು! 2013ರಲ್ಲಿ ಆ ಕಟ್ಟಡವನ್ನೂ ಕೆಡವಿದರು.

ಕನ್ನಡದ ಮಟ್ಟಿಗೆ ಇದರ ಫಲ ಏನೆಂಬುದು ನಮಗೆ ಮುಖ್ಯ. ಮೂಕಿಯ ಕಾಲದ ಜಾಲಗಳು ಹಾಗೆಯೇ ಉಳಿದಿದ್ದರೆ ಬೆಂಗಳೂರಿನ ಪರದೆಯ ಮೇಲೆ ಏನು ಬರಬೇಕೆಂಬುದನ್ನು ಕಲ್ಕತ್ತೆ, ಮುಂಬಯಿ, ಮದರಾಸುಗಳು ತೀರ್ಮಾನಿಸುತ್ತಿದ್ದವು. ಭಾಷೆಯಿಂದಾಗಿ ಮಾರುಕಟ್ಟೆ ಒಡೆದದ್ದರಿಂದಲೇ ಸಣ್ಣ ಭಾಷೆಗಳ ಚಿತ್ರಕ್ಕೂ ಜಾಗ ಹುಟ್ಟಿತು. ಕನ್ನಡದ ಟಾಕಿ ‘ಸತಿ ಸುಲೋಚನ’ಕ್ಕೆ ಚಮನ್‌ಲಾಲ್ ಡೂಂಗಾಜಿ ಹಣ ಹಾಕಿದರು, ವೈ. ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿ ಮಾತು ಮತ್ತು ಹಾಡು ಬರೆದರು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅಭಿನಯಿಸಿದರು. ಚಿತ್ರೀಕರಣ ಕೊಲ್ಹಾಪುರದಲ್ಲಿ, ಏಕೆಂದರೆ ಧ್ವನಿ ಹಿಡಿಯುವ ಸ್ಟುಡಿಯೊ ಇಲ್ಲಿರಲಿಲ್ಲ. ಮಾತಾಡಬಲ್ಲ, ಹಾಡಬಲ್ಲ ನಟರು ಮಾತ್ರ ಮದನ್ ಅವರಿಗೆ ಸಿಕ್ಕಂತೆ ಇಲ್ಲೂ ನಾಟಕ ಕಂಪನಿಗಳಿಂದಲೇ ಬಂದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡು ಆರು ವಾರ ಓಡಿತು.