ಹೃದಯಾಘಾತದ ನಂತರದ ತಿಂಗಳುಗಳು: ಹಾರ್ಮೋನು, ಔಷಧ ಮತ್ತು ಕಾಸರಗೋಡಿನ ರೋಗಿ

ಕಾಸರಗೋಡಿನ ಹೃದ್ರೋಗಿಗಳ ಬಗ್ಗೆ ಇದುವರೆಗೆ ನಡೆದಿರುವ ಚರ್ಚೆ ಬಹುಮಟ್ಟಿಗೆ ರಸ್ತೆಯ ಚರ್ಚೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಗಳನ್ನು ತೆಗೆಸುವಂತೆ ಕೇಂದ್ರಕ್ಕೆ ಸೂಚಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. 2013ರಲ್ಲಿ ಶಂಕುಸ್ಥಾಪನೆಯಾಗಿದ್ದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದೂ ಆ ಏಪ್ರಿಲ್‌ನಲ್ಲೇ. ಎದೆನೋವು ಬಂದವರನ್ನು ಎಷ್ಟು ಬೇಗ ಮುಟ್ಟಿಸಬಹುದು ಎಂಬ ಪ್ರಶ್ನೆಗೆ ಬೆಲೆ ಇದ್ದೇ ಇದೆ. ಆದರೆ ಅದು ಮೊದಲ ಕೆಲವು ಗಂಟೆಗಳ ಪ್ರಶ್ನೆ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳಿದವರ ಮೈಯೊಳಗೆ ತಿಂಗಳುಗಟ್ಟಲೆ ನಡೆಯುವ ಹಾರ್ಮೋನುಗಳ ವ್ಯವಹಾರದ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ. ಹೆಚ್ಚು ಜೀವ ಹೋಗುವುದು ಅಲ್ಲಿ ಎಂಬುದು ಈ ಲೇಖನದ ವಾದ.

ಹಾರ್ಮೋನು ಎಂದೊಡನೆ ಈ ಜಿಲ್ಲೆಯವರಿಗೆ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುವುದು ಸಹಜ. ಇಲ್ಲಿನ ಪಡ್ರೆ ಗ್ರಾಮದ ಹುಡುಗರ ಹಾರ್ಮೋನುಗಳ ಮೇಲೆ ಅದು ಮಾಡಿದ ಪರಿಣಾಮದ ಅಧ್ಯಯನ 2003ರಲ್ಲಿ ಪ್ರಕಟವಾಗಿತ್ತು. ಅದು ಹೊರಗಿನಿಂದ ಬಂದ ವಿಷ. ಇಲ್ಲಿ ಹೇಳಹೊರಟಿರುವುದು ದೇಹವೇ ತನ್ನ ರಕ್ಷಣೆಗೆಂದು ಸುರಿಸಿಕೊಳ್ಳುವ ಹಾರ್ಮೋನುಗಳ ಕಥೆ.

ಹೃದಯಾಘಾತದಲ್ಲಿ ಹೃದಯಸ್ನಾಯುವಿನ ಒಂದು ಭಾಗ ರಕ್ತವಿಲ್ಲದೆ ಸಾಯುತ್ತದೆ. ಸತ್ತ ಭಾಗ ದೊಡ್ಡದಾದರೆ ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ. ಕತ್ತಿನಲ್ಲೂ ಮಹಾಪಧಮನಿಯಲ್ಲೂ ಇರುವ ಒತ್ತಡಗ್ರಾಹಿಗಳಿಗೆ ಇದಕ್ಕೂ ರಕ್ತಸ್ರಾವಕ್ಕೂ ವ್ಯತ್ಯಾಸ ತಿಳಿಯದು. ಗಾಯಗೊಂಡ ಪ್ರಾಣಿಯನ್ನು ಕೆಲವು ಗಂಟೆ ಉಳಿಸಲೆಂದು ರೂಪುಗೊಂಡ ವ್ಯವಸ್ಥೆ ಆಗ ಎಚ್ಚರಗೊಳ್ಳುತ್ತದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ಬಡಿತವನ್ನು ಏರಿಸುತ್ತವೆ. ಮೂತ್ರಪಿಂಡ ರೆನಿನ್ ಬಿಡುತ್ತದೆ, ಅದರಿಂದ ಮೊದಲು ಆಂಜಿಯೊಟೆನ್ಸಿನ್-1, ಮುಂದೆ ಎಸಿಇ ಎಂಬ ಕಿಣ್ವದ ಕೈಯಲ್ಲಿ ಆಂಜಿಯೊಟೆನ್ಸಿನ್-2 ಆಗುತ್ತದೆ. ಇದು ರಕ್ತನಾಳಗಳನ್ನು ಬಿಗಿಯುತ್ತದೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟಿರಾನ್ ಹೊರಡಿಸುತ್ತದೆ. ಆಲ್ಡೊಸ್ಟಿರಾನ್ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ. ರಕ್ತಸ್ರಾವವಾದರೆ ಇವೆಲ್ಲ ಉಪಕಾರವೇ. ಇಲ್ಲಿ ರಕ್ತ ಎಲ್ಲಿಯೂ ಸೋರಿಲ್ಲ, ಪಂಪು ಕುಗ್ಗಿದೆ. ಬಿಗಿದ ನಾಳಗಳ ಎದುರು, ಹೆಚ್ಚಿದ ನೀರಿನೊಂದಿಗೆ, ಉಳಿದ ಸ್ನಾಯು ದುಡಿಯುತ್ತ ಹೋಗಿ ಎಡ ಹೃತ್ಕುಕ್ಷಿ ಹಿಗ್ಗುತ್ತದೆ, ನಾರುಗಟ್ಟುತ್ತದೆ. ಕಾಲು ಬಾತು, ರಾತ್ರಿ ಮಲಗಿದರೆ ಏದುಸಿರು ಬರುವ ಹೊತ್ತಿಗೆ ಈ ಕೆಲಸ ಬಹಳ ಮುಂದುವರಿದಿರುತ್ತದೆ. ಹೃದಯ ಇದರ ವಿರುದ್ಧ ನೇಟ್ರಿಯುರೆಟಿಕ್ ಪೆಪ್ಟೈಡುಗಳನ್ನು ಸ್ರವಿಸಿ ಉಪ್ಪು ಹೊರಹಾಕಲು ನೋಡುತ್ತದೆ, ಆದರೆ ಬಲ ಸಾಲದು.

ಅಮೆರಿಕದ ಜೇ ಕೋನ್ ಮತ್ತು ಸಂಗಡಿಗರು 1984ರಲ್ಲಿ 106 ಹೃದಯವೈಫಲ್ಯದ ರೋಗಿಗಳ ರಕ್ತದಲ್ಲಿ ನಾರ್‌ಅಡ್ರಿನಲಿನ್ ಅಳೆದರು. ಅದು ಹೆಚ್ಚಿದ್ದವರು ಬೇಗ ತೀರಿಕೊಂಡರು. ಅಲ್ಲಿಯವರೆಗೆ ಹೃದಯವೈಫಲ್ಯವೆಂದರೆ ಕುಗ್ಗಿದ ಪಂಪನ್ನು ಚುರುಕುಗೊಳಿಸುವ ಕೆಲಸ ಎಂದುಕೊಂಡಿದ್ದ ವೈದ್ಯಶಾಸ್ತ್ರ, ಚುರುಕುಗೊಳಿಸುವ ಹಾರ್ಮೋನನ್ನೇ ತಡೆಯುವ ಕಡೆಗೆ ಹೊರಳಿತು. ಔಷಧ ಆಗಲೇ ಕೈಗೆ ಬಂದಿತ್ತು. ಬ್ರೆಜಿಲ್‌ನ ಜರರಾಕ ಎಂಬ ಗುಳಿಮಂಡಲ ಜಾತಿಯ ಹಾವಿನ ವಿಷದಲ್ಲಿ ಸೆರ್ಜಿಯೊ ಫೆರೇರಾ 1965ರಲ್ಲಿ ಗುರುತಿಸಿದ ಅಂಶದಿಂದ ಹೊರಟ ದಾರಿ ಎಸಿಇ ಕಿಣ್ವವನ್ನು ತಡೆಯುವ ಕ್ಯಾಪ್ಟೊಪ್ರಿಲ್‌ಗೆ ಮುಟ್ಟಿತ್ತು. 1987ರ ಕನ್ಸೆನ್ಸಸ್ ಪ್ರಯೋಗದಲ್ಲಿ ತೀವ್ರ ವೈಫಲ್ಯದ 253 ರೋಗಿಗಳ ಪೈಕಿ, ಅದೇ ಗುಂಪಿನ ಎನಲಾಪ್ರಿಲ್ ಪಡೆದವರಲ್ಲಿ ಆರು ತಿಂಗಳ ಸಾವು ಶೇ. 44ರಿಂದ 26ಕ್ಕೆ ಇಳಿಯಿತು. 1992ರ ಸೇವ್ ಪ್ರಯೋಗ ಇನ್ನೂ ಮುಖ್ಯ: ಹೃದಯಾಘಾತವಾಗಿ ಪಂಪು ಕುಗ್ಗಿದ್ದರೂ ಏದುಸಿರು ಇನ್ನೂ ಶುರುವಾಗದ 2,231 ಜನರಲ್ಲಿ ಕ್ಯಾಪ್ಟೊಪ್ರಿಲ್ ಸಾವನ್ನು ಶೇ. 25ರಿಂದ 20ಕ್ಕೆ ತಂದಿತು. 1999ರಲ್ಲಿ ಅಡ್ರಿನಲಿನ್ ಕೆಲಸವನ್ನು ತಡೆಯುವ ಬೀಟಾ ತಡೆಮಾತ್ರೆಗಳೂ ಆಲ್ಡೊಸ್ಟಿರಾನ್ ತಡೆಯುವ ಸ್ಪೈರೊನೊಲ್ಯಾಕ್ಟೋನೂ ಜೀವ ಉಳಿಸುವುದು ಖಚಿತವಾಯಿತು. ಪೆಪ್ಟೈಡುಗಳನ್ನು ಕಾಪಾಡುವ ಸಕ್ಯುಬಿಟ್ರಿಲ್-ವಾಲ್ಸಾರ್ಟನ್ ಬಂದದ್ದು 2014ರ ಪ್ರಯೋಗದ ನಂತರ.

ಹಾಗೆಂದು ಹೃದಯಾಘಾತವಾದ ಪ್ರತಿಯೊಬ್ಬರಿಗೂ ಜೀವಮಾನವಿಡೀ ಎಲ್ಲ ಮಾತ್ರೆ ಬೇಕೆಂದಲ್ಲ. ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರತಳ್ಳುವ ರಕ್ತದ ಶೇಕಡಾ ಪಾಲು) 50ಕ್ಕಿಂತ ಕಡಿಮೆಯಾಗದವರಿಗೆ ಬೀಟಾ ತಡೆಮಾತ್ರೆಯಿಂದ ಲಾಭ ಕಾಣಲಿಲ್ಲವೆಂದು 5,020 ಜನರ ರೆಡ್ಯೂಸ್-ಎಎಂಐ ಪ್ರಯೋಗ 2024ರಲ್ಲಿ ತೋರಿಸಿತು. ಮದ್ದು ಯಾರಿಗೆ ಎಷ್ಟು ಎಂಬುದು ಎಕೋ ವರದಿಯ ಆ ಒಂದು ಅಂಕೆಯ ಮೇಲೆ ನಿಂತಿದೆ. ಡಿಸ್ಚಾರ್ಜ್ ಕಾಗದದಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ಮನೆಯಲ್ಲಿ ಓದುವವರಿರುವುದಿಲ್ಲ.

ಕೇರಳದ್ದೇ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2007ರಿಂದ 2009ರವರೆಗೆ 125 ಆಸ್ಪತ್ರೆಗಳ 25,748 ತೀವ್ರ ಹೃದ್ರೋಗಿಗಳನ್ನು ಒಳಗೊಂಡ ನೋಂದಣಿಯಲ್ಲಿ ಆಸ್ಪತ್ರೆಯೊಳಗಿನ ಸಾವು ಶೇ. 3.9. ತಿರುವನಂತಪುರದ 18 ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1,205 ಹೃದಯವೈಫಲ್ಯದ ರೋಗಿಗಳಲ್ಲಿ ಅದು ಶೇ. 8.5, ವರ್ಷ ತುಂಬುವಾಗ ಸುಮಾರು 31. ಇವರ ಸರಾಸರಿ ವಯಸ್ಸು 61, ನೂರಕ್ಕೆ 72 ಮಂದಿಗೆ ಮೂಲ ಕಾರಣ ಹೃದಯದ ರಕ್ತನಾಳದ ರೋಗ. ಪಂಪು ಕುಗ್ಗಿದವರಲ್ಲಿ ಮಾರ್ಗಸೂಚಿಯಂತೆ ಔಷಧ ಪಡೆದು ಮನೆಗೆ ಹೋದವರು ನೂರಕ್ಕೆ 25 ಮಾತ್ರ. ರಾಜ್ಯದ ದಕ್ಷಿಣ ತುದಿಯ, ಆಸ್ಪತ್ರೆಗಳಿಗೆ ಬರವಿಲ್ಲದ ಜಿಲ್ಲೆಯ ಚಿತ್ರವಿದು. ಉತ್ತರ ತುದಿಯದು ಇದಕ್ಕಿಂತ ಉತ್ತಮವಾಗಿರಲು ಕಾರಣ ಕಾಣೆ.

ಕಷ್ಟವಿರುವುದು ಮಾತ್ರೆಯ ಬೆಲೆಯಲ್ಲಲ್ಲ. ಎಸಿಇ ತಡೆಯುವ ರಾಮಿಪ್ರಿಲ್, ಬೀಟಾ ತಡೆಮಾತ್ರೆಯಾದ ಬಿಸೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್ ಅಗ್ಗ. 2023ರಿಂದ ದೇಶೀಯ ಕಂಪೆನಿಗಳ ಸಕ್ಯುಬಿಟ್ರಿಲ್-ವಾಲ್ಸಾರ್ಟನ್ ಬಂದು ಅದರ ಬೆಲೆಯೂ ಬಹಳ ಇಳಿದಿದೆ. ಇವನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ಏರಿಸಬೇಕು, ವಾರದಲ್ಲೊಮ್ಮೆ, ತಿಂಗಳಲ್ಲೊಮ್ಮೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಬೇಕು. ಆಲ್ಡೊಸ್ಟಿರಾನ್ ತಡೆದರೆ ಪೊಟ್ಯಾಸಿಯಂ ದೇಹದಲ್ಲೇ ಉಳಿಯುತ್ತದೆ, ಮಿತಿ ಮೀರಿದರೆ ಹೃದಯ ನಿಂತೇ ಹೋಗಬಹುದು. 1999ರ ಪ್ರಯೋಗದ ಉತ್ಸಾಹದಲ್ಲಿ ಕೆನಡದ ಒಂಟಾರಿಯೊದಲ್ಲಿ ಸ್ಪೈರೊನೊಲ್ಯಾಕ್ಟೋನ್ ಬಳಕೆ ಏರಿ, ಪೊಟ್ಯಾಸಿಯಂ ಹೆಚ್ಚಿ ಆಸ್ಪತ್ರೆ ಸೇರುವವರ ಸಂಖ್ಯೆ ಸಾವಿರಕ್ಕೆ 2.4 ಇದ್ದದ್ದು 2001ರ ಹೊತ್ತಿಗೆ 11 ಆಯಿತು. ನಮ್ಮ ಕಡೆ ಅದರ ಜೊತೆಗೆ ಎಳನೀರಿದೆ. ಬಳಲಿದವರಿಗೆ, ಆಸ್ಪತ್ರೆಯಿಂದ ಬಂದವರಿಗೆ ದಿನಕ್ಕೊಂದು ಬೊಂಡ ಕೆತ್ತಿ ಕೊಡುವುದು ಅಕ್ಕರೆಯ ಕ್ರಮ. ನೂರು ಮಿಲಿಲೀಟರ್‌ನಲ್ಲಿ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ. ಉಪ್ಪು ಬೇಡವೆಂದದ್ದಕ್ಕೆ ಅಂಗಡಿಯ ಲೋ ಸೋಡಿಯಂ ಉಪ್ಪು ತಂದರೆ ಅದರಲ್ಲೂ ಪೊಟ್ಯಾಸಿಯಮ್ಮೇ. ಆಟಿಯ ಮಳೆಗಾಲದಲ್ಲಿ ಉಪ್ಪಿನಸೊಳೆಯ ಪಲ್ಯ, ಗಂಜಿಗೆ ಒಣಮೀನು ಅಥವಾ ಮಿಡಿ ಉಪ್ಪಿನಕಾಯಿ: ಇದು ಆಲ್ಡೊಸ್ಟಿರಾನ್ ಹಿಡಿದಿಡಲು ಕಾದಿರುವ ಸೋಡಿಯಂ. ಗಂಟುನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುವ ಡೈಕ್ಲೊಫೆನಾಕ್ ಪೊಟ್ಯಾಸಿಯಂ, ಸೋಡಿಯಂ ಎರಡರ ಲೆಕ್ಕವನ್ನೂ ಕೆಡಿಸುತ್ತದೆ. ಪಥ್ಯವೆಂದರೆ ತುಪ್ಪ, ತೆಂಗಿನಕಾಯಿ ಬಿಡುವುದೆಂದೇ ತಿಳಿದಿರುವ ಮನೆಗಳಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ.

ಗಡಿಯ ತೊಡಕು ಇಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಸ್ಟೆಂಟ್ ಮಂಗಳೂರಿನದು, ತಿಂಗಳ ಮಾತ್ರೆ ಊರಿನ ಕುಟುಂಬ ಆರೋಗ್ಯ ಕೇಂದ್ರದ್ದು. ಒಂದು ಕಡೆ ರಾಮಿಪ್ರಿಲ್, ಇನ್ನೊಂದು ಕಡೆ ಸಕ್ಯುಬಿಟ್ರಿಲ್-ವಾಲ್ಸಾರ್ಟನ್ ಬರೆದು ರೋಗಿ ಎರಡನ್ನೂ ನುಂಗಿದರೆ ಬ್ರಾಡಿಕೈನಿನ್ ಎಂಬ ಪೆಪ್ಟೈಡ್ ಶೇಖರವಾಗಿ ನಾಲಗೆ, ಗಂಟಲು ಬಾತುಕೊಳ್ಳುವ ಅಪಾಯವಿದೆ; ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಬದಲಿಸುವಾಗ 36 ಗಂಟೆಗಳ ಅಂತರ ಕಡ್ಡಾಯ. ಡಿಸ್ಚಾರ್ಜ್ ಕಾಗದದಲ್ಲಿ ತಿನ್ನಬೇಕಾದ ಮಾತ್ರೆಗಳ ಪಟ್ಟಿಯಷ್ಟೇ ಸ್ಪಷ್ಟವಾಗಿ ನಿಲ್ಲಿಸಬೇಕಾದವುಗಳ ಹೆಸರೂ ಎಕೋದ ಅಂಕೆಯೂ ಮುಂದಿನ ಪೊಟ್ಯಾಸಿಯಂ ಪರೀಕ್ಷೆಯ ತಾರೀಖೂ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು. 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ, ಮನೆಗೆ ಕಳುಹಿಸಿದ ಎರಡು ವಾರದೊಳಗೆ ಪೂರ್ಣ ಪ್ರಮಾಣ ಮುಟ್ಟಿಸಿ ಪದೇ ಪದೇ ರಕ್ತ ನೋಡಿದವರಲ್ಲಿ, 180 ದಿನಗಳೊಳಗೆ ಸತ್ತವರು ಇಲ್ಲವೇ ವೈಫಲ್ಯದಿಂದ ಮತ್ತೆ ಆಸ್ಪತ್ರೆ ಸೇರಿದವರು ಶೇ. 15.2, ಉಳಿದವರಲ್ಲಿ 23.3. ಆ ಭೇಟಿಗಳಿಗೆ ಬೇಕಾದದ್ದು ರಕ್ತದೊತ್ತಡದ ಪಟ್ಟಿ, ತೂಕದ ಯಂತ್ರ, ರಕ್ತಪರೀಕ್ಷೆ. ಬದಿಯಡ್ಕದವರಾಗಲಿ ಮಂಜೇಶ್ವರದವರಾಗಲಿ ಅದಕ್ಕಾಗಿ ತಲಪಾಡಿ ದಾಟಬೇಕಿಲ್ಲ.