ಕೀಲೆಣ್ಣೆಯಿಂದ ಗೇರ್ ಆಯಿಲ್‌ವರೆಗೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದೆ. ಕೈಯಲ್ಲಿ ಪಾನಾ, ಪಕ್ಕದಲ್ಲಿ ಹಳೇ ಪ್ಲಾಸ್ಟಿಕ್ ಟಬ್ಬು. ಬಾಲ್ಕನಿಯಿಂದ ನನ್ನವಳ ದನಿ ಕೇಳಿಸಿತು: "ನಾಕು ನೂರು ರೂಪಾಯಿ ಉಳಸಾಕ ಹೋಗಿ ನಾಕು ಸಾವಿರದ್ದು ಸೊಂಟನೋವು ತರ್ತೀರಿ ನೋಡ್ರಿ!" ಬಿ.ಕಾಂ. ಓದಿ ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಹೊಂದಿಸಿದವನಿಗೆ ಆ ಲೆಕ್ಕ ಗೊತ್ತಿಲ್ಲವೆಂದಲ್ಲ. ಆದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ನಾನೇ ಬದಲಿಸಬೇಕು ಎಂಬ ಹಟಕ್ಕೆ ಹಿಂದೆ ಒಂದು ದುಬಾರಿ ಪಾಠವಿದೆ. ಆ ಪಾಠದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಇವತ್ತು ಅದನ್ನೇ ಹೇಳೋಣ ಅಂತ.

ಶುರು ಮಾಡುವುದು ನಮ್ಮೂರಿನಿಂದಲೇ. ಹಾವೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜನ ಎತ್ತಿನ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ತೂಗುತ್ತಿತ್ತು. ಅದರಲ್ಲಿ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕಪ್ಪನೆಯ ಅಂಟು. ಸಂತೆಗೆ ಹೊರಡುವ ಹಿಂದಿನ ದಿನ ಗಾಲಿ ಕಳಚಿ ಅಚ್ಚಿಗೆ ಅದನ್ನು ಬಳಿಯುತ್ತಿದ್ದರು. ಮುಟ್ಟಿದರೆ ವಾರವಾದರೂ ಕೈಯ ಕಪ್ಪು ಹೋಗುತ್ತಿರಲಿಲ್ಲ. ಹರಳೆಣ್ಣೆಯೇ ಯಾಕೆ? ಅದು ದಪ್ಪ, ಬಿಸಿಯಾದರೂ ಬೇಗ ತೆಳ್ಳಗಾಗಿ ಹರಿದುಹೋಗುವುದಿಲ್ಲ, ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಬರೀ ನಮ್ಮ ಅಜ್ಜಂದಿರ ಬುದ್ಧಿಯಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರು ಮಾಡಿದ ಎಣ್ಣೆ ಕಂಪನಿ, ಎಂಜಿನ್ ಎಣ್ಣೆಗೆ ಹರಳೆಣ್ಣೆ ಬೆರೆಸಿ 1909ರಲ್ಲಿ ಅದಕ್ಕೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿತು. ಕ್ಯಾಸ್ಟರ್ ಅಂದರೆ ಹರಳು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ಹಾರಿದ್ದು ಹರಳೆಣ್ಣೆಯ ಮೇಲೆಯೇ!

ಈಗ ಗೇರಿನ ಕಥೆಗೆ ಬರೋಣ. ಪ್ಯಾರಿಸ್ಸಿನ ಎಮಿಲ್ ಲೆವಾಸೋರ್ 1891ರಲ್ಲಿ ಎಂಜಿನ್ ಮುಂದೆ, ಅದರ ಹಿಂದೆ ಕ್ಲಚ್ ಮತ್ತು ಗೇರು, ಓಡುವುದು ಹಿಂದಿನ ಗಾಲಿ ಎಂಬ ಜೋಡಣೆ ಮಾಡಿದ. ಮುಂದೆ ಎಪ್ಪತ್ತು ಎಂಬತ್ತು ವರ್ಷ ಜಗತ್ತಿನ ಬಹುಪಾಲು ಕಾರುಗಳು ಇದನ್ನೇ ಅನುಸರಿಸಿದವು. ಅವನ ಗೇರುಗಳು ಶಾಫ್ಟಿನ ಮೇಲೆ ಜಾರಿ ಹೋಗಿ ಒಂದರ ಹಲ್ಲಿಗೆ ಇನ್ನೊಂದು ಹಲ್ಲು ಕೂಡಿಕೊಳ್ಳುವಂಥವು. ಕೂಡುವಾಗ ಕರಕರ ಸದ್ದು. ಒರಟೇನೋ ಹೌದು, ಆದರೆ ಕೆಲಸ ಮಾಡುತ್ತದೆ ಅಂತ ಅವನೇ ಹೇಳಿದ್ದನೆಂದು ಪ್ರತೀತಿ. ಮೊದಮೊದಲು ಆ ಹಲ್ಲುಗಳಿಗೆ ಮುಚ್ಚಳವೇ ಇರಲಿಲ್ಲ. ರಸ್ತೆಯ ಧೂಳೆಲ್ಲ ಅದರ ಮೇಲೆಯೇ. 1895ರ ಹೊತ್ತಿಗೆ ಅವು ಒಂದು ಪೆಟ್ಟಿಗೆಯೊಳಗೆ ಸೇರಿದವು. ಆ ವರ್ಷದ ಜೂನ್‌ನಲ್ಲಿ ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಬರುವ, ಹತ್ತಿರಹತ್ತಿರ 1,180 ಕಿಲೋಮೀಟರಿನ ಪಂದ್ಯವನ್ನು ಲೆವಾಸೋರ್ 48 ಗಂಟೆ 48 ನಿಮಿಷದಲ್ಲಿ ಮುಗಿಸಿದ.

ಪೆಟ್ಟಿಗೆ ಬಂದದ್ದು ಧೂಳು ತಡೆಯಲಿಕ್ಕೆ, ಎಣ್ಣೆ ಹಿಡಿದಿಡಲಿಕ್ಕೆ. 'ಗೇರ್‌ಬಾಕ್ಸ್' ಅನ್ನುವಾಗ ನಾವು ಗೇರನ್ನಷ್ಟೇ ನೆನೆಯುತ್ತೇವೆ, ಬಾಕ್ಸನ್ನು ಮರೆಯುತ್ತೇವೆ. ಅಸಲಿಗೆ ಅದೊಂದು ಎಣ್ಣೆಯ ಡಬ್ಬಿ!

ಹಲ್ಲು ಹಲ್ಲು ಕೂಡುವಾಗ ಕರಕರ ಯಾಕೆ? ಮುಂಬಯಿಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಹೊರಟುಬಿಟ್ಟ ಲೋಕಲ್ ಹತ್ತುವುದನ್ನು ನೆನೆಸಿಕೊಳ್ಳಿ (ಹತ್ತಬೇಡಿ, ಬರೀ ನೆನೆಸಿಕೊಳ್ಳಿ). ನಿಂತಲ್ಲೇ ನಿಂತು ಕಂಬಿ ಹಿಡಿದರೆ ತೋಳು ಕಿತ್ತು ಬರುತ್ತದೆ. ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿ, ಅದರ ವೇಗಕ್ಕೆ ನಮ್ಮ ವೇಗ ಹೊಂದಿದ ಮೇಲೆ ಹಿಡಿಯಬೇಕು. ಗೇರೂ ಹಾಗೆಯೇ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗ ಕೂಡಬೇಕಾದರೆ ಮೊದಲು ವೇಗ ಹೊಂದಬೇಕು. ಹಳೇ ಕಾಲದಲ್ಲಿ ಅದು ಡ್ರೈವರನ ಕೆಲಸ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದಿಷ್ಟು ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಇದೇ ಡಬಲ್ ಕ್ಲಚ್. ಕಿವಿ, ಕಾಲು, ಕೈ ಮೂರೂ ಒಂದಾಗಬೇಕು. ಹಳೇ ಲಾರಿ ಬಸ್ಸುಗಳ ಡ್ರೈವರುಗಳಿಗೆ ಊರಲ್ಲಿ ಇದ್ದ ಮರ್ಯಾದೆ ಸುಮ್ಮನೆ ಬಂದದ್ದಲ್ಲ.

ಈ ವಿದ್ಯೆಯನ್ನು ಡ್ರೈವರನ ಕಾಲಿನಿಂದ ತೆಗೆದು ಲೋಹಕ್ಕೆ ಕಲಿಸಿದವನು ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್. ಅವನ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಹಲ್ಲು ಕೂಡುವ ಮುಂಚೆ ಒಂದು ಉಜ್ಜುವ ಮೈ ಇನ್ನೊಂದಕ್ಕೆ ಒತ್ತಿ, ಎರಡರ ವೇಗವನ್ನೂ ಹೊಂದಿಸುತ್ತದೆ. ಮುಂದೆ ಬಹುಪಾಲು ಕಾರುಗಳಲ್ಲಿ ಈ ಕೆಲಸ ಹಿತ್ತಾಳೆಯ ಪುಟ್ಟ ಉಂಗುರಗಳ ಪಾಲಿಗೆ ಬಂತು. ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ಪರವಾಗಿ ಓಡುವುದು ಆ ಉಂಗುರ.

ನನ್ನ ಮೊದಲ ಕಾರಿನಲ್ಲಿ ಈ ಸೌಕರ್ಯ ಪೂರ್ತಿ ಇರಲಿಲ್ಲ. 1999ರಲ್ಲಿ ಸಹೋದ್ಯೋಗಿಯೊಬ್ಬರಿಂದ ಕೊಂಡ 1986ರ ಪ್ರೀಮಿಯರ್ ಪದ್ಮಿನಿ ಅದು. ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು. ಮೇಲಿನ ಮೂರು ಗೇರಿಗೆ ಸಿಂಕ್ರೊಮೆಶ್ ಇತ್ತು, ಒಂದನೆಯದಕ್ಕೆ ಇರಲಿಲ್ಲ. ಗಾಡಿ ಪೂರಾ ನಿಂತ ಮೇಲೆಯೇ ಫಸ್ಟ್. ಹಳೇ ಅಂಬಾಸಿಡರುಗಳದ್ದೂ ಇದೇ ಕಥೆ.

ಪದ್ಮಿನಿ ಅಂದ ಕೂಡಲೆ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಹಾಕಿ, 1935ರಲ್ಲಿ ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದರು. ಕೈಜೋಡಿಸಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹಾಕುವ ಮಾತೂ ನಡೆದಿತ್ತು. ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕಾರು, 1950ರ ದಶಕದಲ್ಲಿ ಇಟಲಿಯ ಫಿಯೆಟ್ 1100. ಅದೇ 1974ರಲ್ಲಿ ಪದ್ಮಿನಿಯಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷದ ಮಿತಿ ಮುಗಿಸಿ ರಸ್ತೆ ಬಿಟ್ಟಿತು. ಅವತ್ತು ನನಗೆ ಮನೆಯವರೇ ಯಾರೋ ಹೋದಂತಾಗಿತ್ತು.

ಇರಲಿ, ಎಣ್ಣೆಗೆ ವಾಪಸ್. 1920ರ ದಶಕದಲ್ಲೇ ಇನ್ನೊಂದು ಬದಲಾವಣೆ ಆಯಿತು. ಕಾರಿನ ಮೈ ತಗ್ಗಬೇಕು, ಆದರೆ ಎಂಜಿನ್ನಿನಿಂದ ಹಿಂದಿನ ಅಚ್ಚಿಗೆ ಹೋಗುವ ಶಾಫ್ಟು ಅಡ್ಡ. ಅದಕ್ಕೆ ನ್ಯೂಯಾರ್ಕ್ ರಾಜ್ಯದ ಗ್ಲೀಸನ್ ಕಂಪನಿ ಹೈಪಾಯ್ಡ್ ಎಂಬ ಓರೆ ಹಲ್ಲಿನ ಗೇರು ರೂಪಿಸಿತು. 1926ರಲ್ಲಿ ಪ್ಯಾಕಾರ್ಡ್ ಕಾರು ಅದನ್ನು ಹಾಕಿಕೊಂಡಿತು. ಶಾಫ್ಟು ಕೆಳಗಿಳಿಯಿತು, ಕಾರು ತಗ್ಗಾಯಿತು. ಆದರೆ ಈ ಹಲ್ಲುಗಳು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಉಜ್ಜುತ್ತವೆ. ಸಾದಾ ಎಣ್ಣೆಯ ಪದರ ಹರಿದುಹೋಗುತ್ತದೆ. ಹಾಗಾಗಿ ಎಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತ ಬೆರೆಸಿದರು. ಬಿಸಿ ಏರಿದಾಗ ಅವು ಉಕ್ಕಿನ ಮೈಮೇಲೆ ತಾವೇ ಒಂದು ತೆಳ್ಳನೆ ಪದರವಾಗಿ, ಉಕ್ಕಿನ ಬದಲು ತಾವು ಸವೆಯುತ್ತವೆ. ಈ ಎಣ್ಣೆಗಳಿಗೆ ಕೊಟ್ಟ ದರ್ಜೆಗಳಲ್ಲಿ ಇಂದು ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಎರಡು: ಜಿಎಲ್-4 ಮತ್ತು ಜಿಎಲ್-5.

ನಾನು ಮುಗ್ಗರಿಸಿದ್ದು ಇಲ್ಲೇ. ಪದ್ಮಿನಿಯನ್ನು ಕೊಟ್ಟು ಮುಂದಿನ ಗಾಲಿ ಓಡುವ ಒಂದು ಸಣ್ಣ ಕಾರು ಕೊಂಡಿದ್ದೆ. 2008ರಲ್ಲಿ ಅದರ ಎಣ್ಣೆ ಬದಲಿಸಲು ಅಂಗಡಿಗೆ ಹೋದೆ. ಪುಸ್ತಕದಲ್ಲಿ ಜಿಎಲ್-4 ಅಂತಿತ್ತು. ಅಂಗಡಿಯಲ್ಲಿ ಜಿಎಲ್-5 ಕೂಡ ಇತ್ತು, ಬೆಲೆಯೂ ಹೆಚ್ಚು. ಬ್ಯಾಂಕಿನ ಬುದ್ಧಿ ನೋಡಿ! ಸ್ಕೇಲ್ ಫೋರ್‌ಗಿಂತ ಸ್ಕೇಲ್ ಫೈವ್ ದೊಡ್ಡ ಸಾಹೇಬರಲ್ಲವೇ ಅಂತ ಅದನ್ನೇ ತಂದು ಹಾಕಿದೆ. ಮೊದಮೊದಲು ಎರಡನೇ ಗೇರಿನಲ್ಲಿ ಸಣ್ಣ ಕಿರಿಕಿರಿ, ಒಂದೆರಡು ವರ್ಷದಲ್ಲಿ ಪೂರಾ ಕರಕರ.

ಬಿಚ್ಚಿದವನು ನಮ್ಮ ವಿಜಾಪುರದ ಕಡೆಯ ಮೇಸ್ತ್ರಿ. ಸವೆದು ಕಪ್ಪಾದ ಹಿತ್ತಾಳೆಯ ಉಂಗುರ ಅಂಗೈ ಮೇಲಿಟ್ಟು ಕೇಳಿದ, "ಯಾವ ಎಣ್ಣಿ ಹಾಕಿದ್ರಿ ಸಾಹೇಬ್ರ?" ಹೇಳಿದೆ.

"ಎಣ್ಣಿ ತಪ್ಪಲ್ರೀ, ಹಾಕಿದ ಜಾಗಾ ತಪ್ಪು. ಇದು ಲಾರಿ ಕ್ರೌನಿಗೆ ಹಾಕೋದು."

ಎಷ್ಟು ಸರಿ! ಜಿಎಲ್-5 ಹುಟ್ಟಿದ್ದು ಹೈಪಾಯ್ಡಿನ ಉಕ್ಕಿಗಾಗಿ. ಅದರಲ್ಲಿ ಆ ಗಂಧಕದ ಸಂಯುಕ್ತ ಸುಮಾರು ಎರಡು ಪಟ್ಟು. ಉಕ್ಕನ್ನು ಕಾಯುವ ಅದೇ ಪದರ ಮೆತ್ತನೆಯ ಹಿತ್ತಾಳೆಯನ್ನು ತಿನ್ನಬಲ್ಲದು. ಸಾಲದ್ದಕ್ಕೆ, ಉಂಗುರಕ್ಕೆ ತುಸು ಘರ್ಷಣೆ ಬೇಕು. ಪ್ಲಾಟ್‌ಫಾರ್ಮ್ ಜಾರುತ್ತಿದ್ದರೆ ಓಡುವುದೆಂತು? ಎರಡಕ್ಕೂ ಹೊಂದುವ ಎಣ್ಣೆಗಳು ಈಗ ಇವೆಯಾದರೂ ಕಾರಿನ ಪುಸ್ತಕ ಏನು ಹೇಳುತ್ತದೋ ಅದೇ ಪ್ರಮಾಣ. ದೊಡ್ಡ ಅಂಕಿ ಅಂದರೆ ಬಡ್ತಿಯಲ್ಲ, ಬೇರೆ ಖಾತೆ ಅಷ್ಟೆ. 90 ನಂಬರ್ ಎಂಬುದೂ ಹಾಗೇ. ಎಂಜಿನ್ ಎಣ್ಣೆಯ ನಲವತ್ತು ಐವತ್ತು ನಂಬರೂ, ಗೇರಿನ ತೊಂಬತ್ತೂ ದಪ್ಪದಲ್ಲಿ ಹೆಚ್ಚುಕಡಿಮೆ ಒಂದೇ. ಅಳೆಯುವ ಕೋಲು ಮಾತ್ರ ಬೇರೆ.

ಮೇಸ್ತ್ರಿ ಆವತ್ತು ಕಲಿಸಿದ ಕ್ರಮವನ್ನೇ ಇಂದಿಗೂ ಪಾಲಿಸುತ್ತೇನೆ. ಹದಿನೈದು ನಿಮಿಷ ಓಡಿಸಿ ಬಂದರೆ ಎಣ್ಣೆ ಬೆಚ್ಚಗಾಗಿ ಚೆನ್ನಾಗಿ ಇಳಿಯುತ್ತದೆ. ಕಾರು ಸಮನಾಗಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಬೇಕು, ಬರೀ ಜಾಕ್ ನಂಬಿ ಕೆಳಗೆ ಹೋಗಲೇಬಾರದು. ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬುವ ಬೋಲ್ಟು, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾದೀತು! ಕೆಳಗಿನ ಬೋಲ್ಟಿಗೆ ಅಯಸ್ಕಾಂತವಿದ್ದರೆ ಅದಕ್ಕೆ ಹತ್ತಿದ್ದನ್ನು ಬೆರಳಲ್ಲಿ ಮುಟ್ಟಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟು ಸಹಜ, ಚೂರುಗಳಿದ್ದರೆ ಹಲ್ಲಿಗೆ ಪೆಟ್ಟಾಗಿದೆ. ಹಿತ್ತಾಳೆ ಅಯಸ್ಕಾಂತಕ್ಕೆ ಹತ್ತುವುದಿಲ್ಲ. ಅದು ಎಣ್ಣೆಯಲ್ಲೇ ಚಿನ್ನದ ಪುಡಿಯ ಹಾಗೆ ಮಿಂಚುತ್ತದೆ. ಹೊಸ ವಾಷರ್ ಹಾಕಿ ಕೆಳಗಿನದನ್ನು ಬಿಗಿದು, ತುಂಬುವ ತೂತಿನಿಂದ ಎಣ್ಣೆ ತುಳುಕುವ ತನಕ ತುಂಬಿದರೆ ಬಹಳ ಕಾರುಗಳಲ್ಲಿ ಅದೇ ಅಳತೆ. ಹಳೇ ಎಣ್ಣೆ ಗಟಾರಕ್ಕಲ್ಲ, ಅದನ್ನು ಸಂಗ್ರಹಿಸಿ ಕಳಿಸುವ ವರ್ಕ್‌ಶಾಪಿಗೆ ಕೊಡಬೇಕು.

ಭಾನುವಾರ ಟಾರ್ಚ್ ಹಿಡಿದವನು ಮಗ. ಅವನು ಬುಕ್ ಮಾಡಿರುವುದು ಆಟೊಮ್ಯಾಟಿಕ್. "ಅಪ್ಪಾ, ನನ್ನ ಕಾರಿಗೆ ಇದೆಲ್ಲಾ ಬೇಕಾಗಂಗಿಲ್ಲ" ಅಂದ. ನಕ್ಕೆ. ಸಿಂಕ್ರೊಮೆಶ್ ಕೊಟ್ಟ ಥಾಂಪ್ಸನ್ನನೇ ಮುಂದೆ 1939ರಲ್ಲಿ ಬಂದ ಹೈಡ್ರಾ-ಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತಂಡದ ಮುಖ್ಯಸ್ಥ. ಅಮೆರಿಕದ ಅಂಥ ಗೇರ್‌ಬಾಕ್ಸುಗಳ ಎಣ್ಣೆಗೆ 1970ರ ದಶಕದ ಆರಂಭದವರೆಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕಾನೂನು ತಡೆದ ಮೇಲೆ ಬದಲಿ ಹುಡುಕಲು ಕಂಪನಿಗಳು ಒದ್ದಾಡಿದವು. ಅಜ್ಜನ ಹರಳು, ಸಮುದ್ರದ ತಿಮಿಂಗಿಲ, ನೆಲದಡಿಯ ಕಚ್ಚಾತೈಲ... ಹೆಸರು ಬದಲಾಗಿದೆ, ಕೆಲಸ ಅದೇ. ನಾಳೆ ಅವನು ಎಲೆಕ್ಟ್ರಿಕ್ ಕಾರನ್ನೇ ಕೊಂಡರೂ ಸಾಮಾನ್ಯವಾಗಿ ಮೋಟರಿನ ವೇಗ ತಗ್ಗಿಸಿ ಗಾಲಿಗೆ ಕೊಡಲು ಒಂದು ಗೇರು, ಅದಕ್ಕೊಂದಿಷ್ಟು ಎಣ್ಣೆ ಇದ್ದೇ ಇರುತ್ತದೆ.

ಇದನ್ನೆಲ್ಲ ಹೇಳಲಿಲ್ಲ. ಟಬ್ಬಿನ ಕಡೆ ಬೆರಳು ಮಾಡಿ "ಹೊಳೆಯೋದು ಏನಾದ್ರೂ ಕಾಣ್ತದೇನು ನೋಡು" ಅಂದೆ. ಅವನು ಬಗ್ಗಿ, ಟಾರ್ಚ್ ಹತ್ತಿರ ಹಿಡಿದು, ಸುಮಾರು ಹೊತ್ತು ನೋಡಿದ.

"ಇಲ್ಲ ಅಪ್ಪಾ, ಬರೀ ಕಪ್ಪು."

ಸಮಾಧಾನವಾಯಿತು. ಈ ಸಲ ಉಂಗುರ ಉಳಿದಿದೆ. ಎದ್ದು ಕೈ ಒರೆಸಿಕೊಂಡರೆ ಅಜ್ಜನ ಕೀಲೆಣ್ಣೆಯ ಹಾಗೆಯೇ ಉಗುರಿನ ಸಂದಿಯ ಕಪ್ಪು ಹೋಗಲೊಲ್ಲದು. ಸೋಮವಾರ ಅದೇ ಕೈಯಲ್ಲಿ ವೋಚರುಗಳಿಗೆ ಸಹಿ ಹಾಕಿದೆ. ಸೊಂಟ? ಅದರ ಬಗ್ಗೆ ಮನೆಯಲ್ಲಿ ಯಾರೂ ಕೇಳದಿದ್ದರೆ ಒಳ್ಳೆಯದು.